ಸೇರಿಸುವ ಮೊದಲು, ಸೇರಿಸಿದ ಮೇಲೆ: ಕುಡಿತದ ಚಿಕಿತ್ಸೆ ಬಗ್ಗೆ ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ವ್ಯಸನಮುಕ್ತಿ ಕೇಂದ್ರಕ್ಕೆ ಫೋನ್ ಮಾಡುವವರಲ್ಲಿ ಕುಡಿಯುವವರೇ ಕಡಿಮೆ. ಮಾಡುವುದು ಹೆಂಡತಿ, ಅಮ್ಮ, ಅಣ್ಣ, ಒಮ್ಮೊಮ್ಮೆ ಪಿಯುಸಿ ಓದುವ ಮಗಳು. ಮನೆಯವರ ಜೊತೆ ಕೂತು ಮಾತಾಡುವುದೇ ನನ್ನ ಕೆಲಸವಾದ್ದರಿಂದ ಇಲ್ಲಿರುವುದೆಲ್ಲ ಅವರು ಕೇಳುವ ಪ್ರಶ್ನೆಗಳು. ಹೆಚ್ಚಿನವು ಕುಡಿತದ ಸುತ್ತಲಿನವು, ಕೆಲವು ಅದರ ಜೊತೆ ಬರುವ ಮಾನಸಿಕ ಕಾಯಿಲೆಯವು.

ಮನೆಯಲ್ಲೇ ಇಟ್ಟುಕೊಂಡು ಬಿಡಿಸಬಹುದಲ್ಲ? ಸೇರಿಸಲೇಬೇಕಾ?

ತುಂಬ ಜನರಿಗೆ ಸೇರಿಸುವ ಅಗತ್ಯವಿಲ್ಲ. ಮನೋವೈದ್ಯರನ್ನು ಹೊರರೋಗಿಯಾಗಿ ಕಂಡು, ಮಾತ್ರೆ ತಗೊಂಡು, ವಾರಕ್ಕೊಮ್ಮೆ ಹೋಗಿ ಬಂದು ಬಿಟ್ಟವರಿದ್ದಾರೆ. ದಾಖಲಾತಿ ಬೇಕಾಗುವುದು ಇಂಥ ಕಡೆ: ಹಿಂದೆ ಕುಡಿತ ನಿಲ್ಲಿಸಿದಾಗ ಫಿಟ್ಸ್ ಬಂದಿದ್ದರೆ, ಬೆಳಗ್ಗೆ ಎದ್ದ ಕೂಡಲೇ ಒಂದು ನೈಂಟಿ ಬೀಳದೆ ಕೈ ನಡುಕ ನಿಲ್ಲದಿದ್ದರೆ, ಲಿವರ್ ಕೆಟ್ಟಿದ್ದರೆ, ಸಾಯುವ ಮಾತಾಡುತ್ತಿದ್ದರೆ, ಜೊತೆಗೆ ಬೇರೆ ಮಾನಸಿಕ ಕಾಯಿಲೆ ಇದ್ದರೆ, ಮನೆಯಲ್ಲಿ ನೋಡಿಕೊಳ್ಳಲು ಯಾರೂ ಇಲ್ಲದಿದ್ದರೆ.

ಕೇಂದ್ರ ಸರ್ಕಾರಕ್ಕಾಗಿ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ಸಮೀಕ್ಷೆ ಪ್ರಕಾರ ಮದ್ಯಕ್ಕೆ ಅಂಟಿಕೊಂಡ 38 ಜನರಲ್ಲಿ ಒಬ್ಬರಿಗಷ್ಟೇ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. ಹಾಗಾಗಿ ಸೇರಿಸುವುದೋ ಬೇಡವೋ ಎಂಬ ಚರ್ಚೆಯಲ್ಲೇ ವರ್ಷ ಕಳೆಯುವ ಬದಲು ಮೊದಲು ಒಬ್ಬ ವೈದ್ಯರನ್ನು ಕಾಣಿ, ಆಮೇಲೆ ನೋಡೋಣ ಅನ್ನುತ್ತೇನೆ.

ಗಟ್ಟಿ ಮನಸ್ಸು ಮಾಡಿ ಒಂದೇ ಸಲ ನಿಲ್ಲಿಸಿದರೆ ಆಗಲ್ವಾ?

ಇದೊಂದು ಉತ್ತರವನ್ನು ದಯವಿಟ್ಟು ಪೂರ್ತಿ ಓದಿ. ವರ್ಷಗಟ್ಟಲೆ ದಿನವೂ ಕುಡಿದವರು ಥಟ್ಟನೆ ನಿಲ್ಲಿಸಿದರೆ ಜೀವಕ್ಕೇ ಅಪಾಯವಾಗಬಹುದು. ಮೊದಲ ದಿನ ನಡುಕ, ಬೆವರು, ವಾಂತಿ, ನಿದ್ದೆಯಿಲ್ಲದಿರುವುದು. ಮೊದಲ ಎರಡು ದಿನದೊಳಗೆ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡನೇ ದಿನದಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಡಿಲಿರಿಯಂ ಶುರುವಾಗುತ್ತದೆ: ಎಲ್ಲಿದ್ದೇನೆಂದು ಗೊತ್ತಾಗುವುದಿಲ್ಲ, ಹಾಸಿಗೆ ಮೇಲೆ ಇಲ್ಲದ ಹುಳವನ್ನು ಕೈಯಲ್ಲಿ ಕೊಡವುತ್ತಾರೆ, ಗೋಡೆಯಲ್ಲಿ ಯಾರೋ ಬಂದರು ಅನ್ನುತ್ತಾರೆ, ಮೈ ಬಿಸಿಯಾಗುತ್ತದೆ. ಮನೆಯವರು ಇದನ್ನು ಗಾಳಿ ಸೋಕಿದ್ದು ಅಂದುಕೊಂಡು ತಾಯಿತಕ್ಕೆ ಓಡುತ್ತಾರೆ. ಓಡಬೇಕಾದ್ದು ಆಸ್ಪತ್ರೆಗೆ, ಅದೂ ಐಸಿಯು ಇರುವ ಕಡೆಗೆ.

ಇನ್ನೊಂದು. "ಸುಸ್ತಾಗಿದ್ದಾರೆ, ಒಂದು ಗ್ಲೂಕೋಸ್ ಬಾಟ್ಲಿ ಹಾಕಿ" ಎಂದು ಊರಿನ ಕ್ಲಿನಿಕ್ಕಿನಲ್ಲಿ ಕೇಳುವುದು ನಮ್ಮಲ್ಲಿ ರೂಢಿ. ಕುಡಿದು ಕುಡಿದು ಊಟ ಬಿಟ್ಟವರ ಮೈಯಲ್ಲಿ ಥಯಾಮಿನ್, ಅಂದರೆ ಬಿ1 ವಿಟಮಿನ್, ಬರಿದಾಗಿರುತ್ತದೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ಪೆಟ್ಟಾಗಿ, ನೆನಪಿನ ಶಕ್ತಿಯೇ ಶಾಶ್ವತವಾಗಿ ಹೋಗಬಹುದು. ಡಾಕ್ಟರಿಗೆ "ಇವರು ದಿನಾ ಕುಡಿಯುತ್ತಾರೆ, ಕೊನೆಯದಾಗಿ ಕುಡಿದದ್ದು ಇಷ್ಟು ಹೊತ್ತಿಗೆ" ಎಂದು ನಾಚಿಕೊಳ್ಳದೆ ಹೇಳಿಬಿಡಿ. ಮಂಡಿ ಆಪರೇಷನ್ನಿಗೋ ಅಪೆಂಡಿಕ್ಸಿಗೋ ಸೇರಿಸಿದಾಗಲೂ ಹೇಳಬೇಕು. ಅಲ್ಲಿ ಮುಚ್ಚಿಟ್ಟದ್ದು ಮೂರನೇ ದಿನ ವಾರ್ಡಿನಲ್ಲಿ ರಂಪವಾಗಿ ಹೊರಬರುತ್ತದೆ.

ಅವರು ಒಪ್ಪೋದೇ ಇಲ್ಲ. ಗಾಡಿ ಕಳಿಸಿ ಎತ್ತಿಹಾಕಿಕೊಂಡು ಹೋಗ್ತಾರಂತಲ್ಲ?

ಹಾಗೆ ರಾತ್ರೋರಾತ್ರಿ ನಾಲ್ಕು ಜನ ಬಂದು ಹೊತ್ತೊಯ್ಯುವ ಕೇಂದ್ರಗಳಿವೆ. ಅದು ಕಾನೂನಿಗೆ ವಿರುದ್ಧ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಮದ್ಯ ಮತ್ತು ಮಾದಕ ವಸ್ತುಗಳಿಂದ ಬರುವ ಮಾನಸಿಕ ತೊಂದರೆಯೂ ಸೇರಿದೆ. ಅದರ ಪ್ರಕಾರ ದಾಖಲಾತಿಗೆ ಮುಖ್ಯವಾಗಿ ಎರಡು ದಾರಿ.

ಒಂದು, ಸ್ವತಃ ಒಪ್ಪಿ ಸೇರುವುದು. ಹಾಗೆ ಸೇರಿದವರು ಹೋಗುತ್ತೇನೆಂದರೆ ಬಿಡಲೇಬೇಕು. ಪರೀಕ್ಷೆ ಮಾಡುವ ಸಲುವಾಗಿ ಹೆಚ್ಚೆಂದರೆ 24 ಗಂಟೆ ತಡೆಯಬಹುದು. ಇನ್ನೊಂದು, 89ನೇ ಸೆಕ್ಷನ್ ಅಡಿ ಬೆಂಬಲಿತ ದಾಖಲಾತಿ. ತಮಗೋ ಬೇರೆಯವರಿಗೋ ಹಾನಿ ಮಾಡಿಕೊಳ್ಳುವ ಸ್ಥಿತಿಯಿದ್ದಾಗ, ಅಥವಾ ತಮ್ಮನ್ನು ತಾವೇ ನೋಡಿಕೊಳ್ಳಲಾಗದೆ ಅಪಾಯಕ್ಕೆ ಬಿದ್ದಾಗ, ನಾಮನಿರ್ದೇಶಿತ ಪ್ರತಿನಿಧಿ (ರೋಗಿ ತನ್ನ ಪರವಾಗಿ ಹೆಸರಿಸಿದವರು, ಹೆಸರಿಸದಿದ್ದರೆ ಸಾಮಾನ್ಯವಾಗಿ ಮನೆಯವರು) ಅರ್ಜಿ ಕೊಡಬೇಕು. ಒಬ್ಬ ಮನೋವೈದ್ಯರೂ ಇನ್ನೊಬ್ಬ ತಜ್ಞರೋ ವೈದ್ಯರೋ ಬೇರೆ ಬೇರೆಯಾಗಿ ಪರೀಕ್ಷಿಸಿ ಒಪ್ಪಬೇಕು. ಮಿತಿ 30 ದಿನ. ಆಮೇಲೂ ಬೇಕಾದರೆ ಹೊಸದಾಗಿ ಪರೀಕ್ಷೆ. ದಾಖಲಾದ ಸುದ್ದಿ ಮಾನಸಿಕ ಆರೋಗ್ಯ ಪುನರ್‌ವಿಮರ್ಶಾ ಮಂಡಳಿಗೆ ಏಳು ದಿನದೊಳಗೆ ಹೋಗಬೇಕು, ಹೆಂಗಸರದ್ದಾದರೆ ಮೂರೇ ದಿನದೊಳಗೆ. ರೋಗಿ ಆ ಮಂಡಳಿಗೆ ದೂರು ಕೊಡಬಹುದು.

ಕಾನೂನು ಬಿಡಿ, ಕೆಲಸವಾಗುತ್ತಾ ಅಂದರೆ, ಹೊತ್ತೊಯ್ದು ಹಾಕಿದವರು ಮನೆಗೆ ಬಂದ ಮೇಲೆ ಮಾತಾಡುವ ಮೊದಲ ವಿಷಯ ಕುಡಿತದ್ದಾಗಿರುವುದಿಲ್ಲ, "ನೀವೆಲ್ಲ ಸೇರಿ ನನ್ನನ್ನು ಕೊಟ್ಟುಬಿಟ್ಟಿರಿ" ಎನ್ನುವುದಾಗಿರುತ್ತದೆ. ಒಪ್ಪಿಸುವುದಕ್ಕೆ ಸಮಯ ಹಿಡಿಯುತ್ತದೆ. ಏರಿದಾಗ ಜಗಳ ತೆಗೆಯಬೇಡಿ. ಬೆಳಗ್ಗೆ, ಮೈ ಕೈ ನೋವು, ಪಶ್ಚಾತ್ತಾಪ ಎರಡೂ ಇರುವ ಹೊತ್ತಿನಲ್ಲಿ ಮಾತಾಡಿ. "ಕುಡಿತ ಬಿಡಿಸೋಕೆ ಹೋಗೋಣ" ಅಂದರೆ ಸಿಡಿಯುವವರು "ನಿದ್ದೆ ಬರ್ತಿಲ್ವಲ್ಲ, ಹೊಟ್ಟೆ ಉರಿ ಅಂತೀರಲ್ಲ, ತೋರಿಸಿಕೊಂಡು ಬರೋಣ" ಅಂದರೆ ಚಪ್ಪಲಿ ಹಾಕಿಕೊಳ್ಳುತ್ತಾರೆ. ಅವರು ಒಪ್ಪದಿದ್ದರೂ ನೀವೊಬ್ಬರೇ ಕೌನ್ಸೆಲಿಂಗಿಗೆ ಬರಬಹುದು. ಎಷ್ಟೋ ಮನೆಗಳಲ್ಲಿ ಚಿಕಿತ್ಸೆ ಶುರುವಾದದ್ದೇ ಹಾಗೆ.

ಗೊತ್ತಾಗದ ಹಾಗೆ ಕಾಫಿಗೆ ಹಾಕೋ ಔಷಧಿ ಕೊಡಿ.

ಕೊಡುವುದಿಲ್ಲ. ಬಸ್ ಸ್ಟ್ಯಾಂಡಿನ ಕಂಬಕ್ಕೆ ಅಂಟಿಸಿದ "ಕುಡುಕರಿಗೆ ತಿಳಿಯದಂತೆ ಬಿಡಿಸಿ" ಜಾಹೀರಾತಿನ ಪುಡಿಗಳಲ್ಲಿ ಏನಿದೆಯೆಂದು ಮಾರುವವರೂ ಹೇಳುವುದಿಲ್ಲ. ಡೈಸಲ್ಫಿರಾಮ್ ಎಂಬ ಮಾತ್ರೆ ಇದೆ, ನಿಜ. ಅದನ್ನು ತಗೊಂಡವರು ಕುಡಿದರೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಕೊನೆಯ ಮಾತ್ರೆಯ ನಂತರ ಎರಡು ವಾರದವರೆಗೂ ಹೀಗಾಗಬಹುದು. ಗೊತ್ತಿದ್ದು ತಗೊಂಡವರಿಗೆ ಆ ಭಯವೇ ಕಾವಲು. ಗೊತ್ತಿಲ್ಲದವರು ಎಂದಿನಂತೆ ಕ್ವಾರ್ಟರ್ ಹಾಕಿ ಬಿದ್ದರೆ, ಹೃದಯದ ತೊಂದರೆ ಇದ್ದವರು ಏಳದೇ ಇರಬಹುದು. ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಬೇರೆ ಮಾತ್ರೆಗಳಿವೆ. ಆಸೆಯನ್ನು ತಗ್ಗಿಸುತ್ತವೆ. ಲಿವರ್, ಕಿಡ್ನಿ ನೋಡಿ ವೈದ್ಯರು ಆರಿಸುತ್ತಾರೆ.

ಧರ್ಮಸ್ಥಳದವರ ಶಿಬಿರಕ್ಕೆ ಕಳಿಸಿದರೆ ಸಾಲದಾ?

ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರ ಎಂಟು ದಿನದ್ದು. ಊರಿನ ಕಲ್ಯಾಣ ಮಂಟಪದಲ್ಲೋ ಸಮುದಾಯ ಭವನದಲ್ಲೋ ನಡೆಯುತ್ತದೆ. ಅದರ ದೊಡ್ಡ ಬಲ ಎಂಟು ದಿನದ ನಂತರ ಇರುವುದು: ಬಿಟ್ಟವರದೇ ನವಜೀವನ ಸಮಿತಿ, ಅದೇ ಊರಿನ ಪಕ್ಕದ ಬೀದಿಯವರು, ಕಂಡಾಗ ಕೇಳುವವರು. ನಗರದ ದುಬಾರಿ ಕೇಂದ್ರಗಳಿಗೂ ಇದು ಸುಲಭಕ್ಕೆ ದಕ್ಕುವುದಿಲ್ಲ. ಆದರೆ ಫಿಟ್ಸ್ ಇತಿಹಾಸ ಇರುವವರು, ಕಾಮಾಲೆ ಆದವರು, ಕಿವಿಯಲ್ಲಿ ಮಾತು ಕೇಳಿಸುವವರು ಮೊದಲು ಆಸ್ಪತ್ರೆಯಲ್ಲಿ ಸುಧಾರಿಸಿಕೊಂಡು ಆಮೇಲೆ ಹೋಗುವುದು ಸರಿ. ಶಿಬಿರವೋ ಆಸ್ಪತ್ರೆಯೋ ಎಂದು ಪಕ್ಷ ಕಟ್ಟುವ ಅಗತ್ಯ ನನಗಂತೂ ಕಾಣುವುದಿಲ್ಲ. ಕುಡಿತ ಬಿಟ್ಟವರೇ ಸೇರಿ ನಡೆಸುವ ಎ.ಎ. (ಆಲ್ಕೊಹಾಲಿಕ್ಸ್ ಅನಾನಿಮಸ್) ಸಭೆಗಳಿಗೂ ಇದೇ ಮಾತು.

ಒಳ್ಳೇ ಕೇಂದ್ರ ಅಂತ ಗೊತ್ತಾಗೋದು ಹೇಗೆ?

ವೆಬ್‌ಸೈಟಿನ ಈಜುಕೊಳದ ಚಿತ್ರ ನೋಡಬೇಡಿ. ಹೋಗಿ ನೋಡಿ. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಪತ್ರ ಕೇಳಿ. ಮನೋವೈದ್ಯರು ವಾರಕ್ಕೆ ಎಷ್ಟು ಸಲ ಬರುತ್ತಾರೆ, ರಾತ್ರಿ ಫಿಟ್ಸ್ ಬಂದರೆ ಯಾರಿರುತ್ತಾರೆ, ಯಾವ ಆಸ್ಪತ್ರೆಗೆ ಒಯ್ಯುತ್ತಾರೆ ಎಂದು ಕೇಳಿ. ಒಳಗಿನ ಕೋಣೆ, ಕಕ್ಕಸು, ಅಡುಗೆಮನೆ ತೋರಿಸಿ ಅನ್ನಿ. "ಒಂದು ತಿಂಗಳು ಫೋನೂ ಇಲ್ಲ, ಭೇಟಿಯೂ ಇಲ್ಲ" ಅಂದರೆ ಎದ್ದು ಬನ್ನಿ; ಮನೆಯವರ ಜೊತೆ ಸಂಪರ್ಕ ರೋಗಿಯ ಹಕ್ಕು. ಒತ್ತಾಯದಿಂದ ತಲೆ ಬೋಳಿಸುವಂತಿಲ್ಲ. ಬಲವಂತವಾಗಿ ಕೆಲಸ ಮಾಡಿಸುವಂತಿಲ್ಲ, ಮಾಡಿದ ಕೆಲಸಕ್ಕೆ ಕೂಲಿ ಕೊಡಬೇಕು. ಸರಪಳಿಯಂತೂ ಪೂರ್ತಿ ನಿಷಿದ್ಧ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮಾನಸಿಕ ರೋಗಿಗಳನ್ನು ಇರಿಸಿದ್ದ ಕೇಂದ್ರಕ್ಕೆ ಬೆಂಕಿ ಬಿದ್ದಾಗ ಓಡಲಾರದೆ ಸುಟ್ಟುಹೋದವರನ್ನು ಸರಪಳಿಯಲ್ಲಿ ಕಟ್ಟಿಹಾಕಿದ್ದರು. ಅವರನ್ನು ಅಲ್ಲಿ ಬಿಟ್ಟು ಬಂದಿದ್ದವರೂ ಮನೆಯವರೇ, ಗುಣವಾಗಲಿ ಎಂದೇ ಬಿಟ್ಟಿದ್ದರು.

"ನೂರಕ್ಕೆ ನೂರು ಗ್ಯಾರಂಟಿ" ಎನ್ನುವ ಕಡೆ ಹೋಗಬೇಡಿ.

ಸೇರಿಸಿ ಹತ್ತೇ ದಿನ, "ನಾನು ಸರಿಹೋದೆ, ಕರ್ಕೊಂಡ್ಹೋಗಿ" ಅಂತ ಅಳ್ತಿದ್ದಾರೆ.

ಇದು ಬಹುತೇಕ ಎಲ್ಲರಲ್ಲೂ ಬರುವ ಘಟ್ಟ. ಮೊದಲ ವಾರ ಮೈ ವಿಷ ಇಳಿಯುವುದರಲ್ಲಿ, ನಿದ್ದೆಯಲ್ಲಿ ಕಳೆಯುತ್ತದೆ. ಆಮೇಲೆ ಹಸಿವಾಗುತ್ತದೆ, ಮುಖಕ್ಕೆ ಕಳೆ ಬರುತ್ತದೆ, ಕೈ ನಡುಕ ನಿಲ್ಲುತ್ತದೆ. ಅವರಿಗೆ ನಿಜವಾಗಿಯೂ ಸರಿಹೋದೆ ಅನಿಸುತ್ತದೆ. ಫೋನಿನಲ್ಲಿ ಮೊದಲು ಸಾಂಬಾರಿನ ಮೇಲೆ ದೂರು, ಆಮೇಲೆ ಪಕ್ಕದ ಹಾಸಿಗೆಯವನ ಮೇಲೆ, ಆಮೇಲೆ "ಮಗು ನೆನಪಾಗ್ತಿದೆ". ದೂರನ್ನು ತಳ್ಳಿಹಾಕಬೇಡಿ, ಹೊಡೆದರು, ಹೆದರಿಸಿದರು ಎಂದರೆ ಅದೇ ದಿನ ಹೋಗಿ ನೋಡಿ. ಉಳಿದದ್ದಕ್ಕೆ, "ಭಾನುವಾರ ಬರ್ತೀನಿ, ಡಾಕ್ಟರ ಜೊತೆ ಮೂವರೂ ಕೂತು ಮಾತಾಡೋಣ" ಎಂದಷ್ಟೇ ಹೇಳಿ. ಕಲಿಯುವ ಕೆಲಸ ಶುರುವಾಗುವುದೇ ಈಗ: ಗುಂಪು ಸಭೆ, ಯಾವ ಹೊತ್ತಿಗೆ ಆಸೆ ಬರುತ್ತದೆ ಎಂದು ಗುರುತಿಸುವುದು, ಗೆಳೆಯ ಕರೆದರೆ ಏನು ಹೇಳಬೇಕೆಂದು ಬಾಯಿಬಿಟ್ಟು ಅಭ್ಯಾಸ ಮಾಡುವುದು.

ವಿಪರೀತ ಅನುಮಾನ, ಒಬ್ಬರೇ ಮಾತಾಡ್ತಾರೆ. ಇದು ಕುಡಿತದ್ದಾ, ತಲೆ ಕಾಯಿಲೆಯಾ?

ಎರಡೂ ಇರಬಹುದು. ಕುಡಿತದಿಂದಲೇ ಹೆಂಡತಿ ಮೇಲೆ ಸಂಶಯ, ಕಿವಿಯಲ್ಲಿ ಬೈಗುಳ ಕೇಳಿಸುವುದು ಬರುತ್ತದೆ. ಖಿನ್ನತೆ, ಬೈಪೋಲಾರ್, ಸ್ಕಿಜೋಫ್ರೇನಿಯಾ ಮೊದಲೇ ಇದ್ದು, ನಿದ್ದೆ ಬರಲೆಂದು ಕುಡಿತ ಹಿಡಿದವರೂ ಇದ್ದಾರೆ. ಬೇರ್ಪಡಿಸಿ ನೋಡಲು ಎರಡರಿಂದ ನಾಲ್ಕು ವಾರ ಮದ್ಯವಿಲ್ಲದ ಮೈ ಬೇಕು. ದಾಖಲಾತಿಯ ಒಂದು ದೊಡ್ಡ ಉಪಯೋಗ ಇದೇ. ಎರಡೂ ಇದ್ದರೆ ಎರಡಕ್ಕೂ ಒಟ್ಟಿಗೇ ಚಿಕಿತ್ಸೆ. "ಮೊದಲು ಕುಡಿತ ಬಿಡಲಿ, ಆಮೇಲೆ ತಲೆ ಮಾತ್ರೆ" ಎಂದು ಕಾಯಬೇಡಿ. ಇಲ್ಲಿ ಮನೆಯವರ ನೆನಪು ಪರೀಕ್ಷೆಯಷ್ಟೇ ಮುಖ್ಯ: ಕುಡಿತ ಶುರುವಾಗುವ ಮೊದಲೇ ಹೀಗಿದ್ದರಾ, ಬಿಟ್ಟಿದ್ದ ಆ ಆರು ತಿಂಗಳು ಹೇಗಿದ್ದರು, ಮನೆತನದಲ್ಲಿ ಯಾರಿಗಾದರೂ ಇತ್ತಾ. ಬರೆದುಕೊಂಡು ಬನ್ನಿ.

ದೀರ್ಘ ಕಾಲದ ಮಾನಸಿಕ ಕಾಯಿಲೆಗೆ ಪುನರ್ವಸತಿ ಬೇರೆ ಥರ, ತಿಂಗಳುಗಟ್ಟಲೆಯದು. ಬೆಂಗಳೂರಿನಲ್ಲಿ ರಿಚ್ಮಂಡ್ ಫೆಲೋಶಿಪ್, ಮೆಡಿಕೋ ಪಾಸ್ಟೋರಲ್ ಅಸೋಸಿಯೇಷನ್ ನಡೆಸುವ, ಆಸ್ಪತ್ರೆಗೂ ಮನೆಗೂ ನಡುವೆ ಕೆಲಕಾಲ ಇದ್ದು ಸುಧಾರಿಸಿಕೊಳ್ಳುವ ಹಾಫ್‌ವೇ ಹೋಮ್‌ಗಳಿವೆ. ಜಿಲ್ಲೆಗಳಲ್ಲಿ ಹಗಲು ಹೊತ್ತು ಇದ್ದು ಬರುವ ಮಾನಸಧಾರ ಕೇಂದ್ರಗಳಿವೆ.

ಕುಡಿಯೋದು ಅವರು. ನಾನ್ಯಾಕೆ ಕೌನ್ಸೆಲಿಂಗಿಗೆ ಬರಬೇಕು?

ಕೋಪದಲ್ಲೇ ಕೇಳುತ್ತಾರೆ, ಕೋಪ ನ್ಯಾಯವಾದದ್ದೇ. ನೀವು ಬರಬೇಕಾದದ್ದು ತಪ್ಪು ಒಪ್ಪಿಕೊಳ್ಳುವುದಕ್ಕಲ್ಲ.

ಒಬ್ಬ ಅಮ್ಮ ಹೇಳಿದ್ದನ್ನು ಗುರುತು ಸಿಗದಂತೆ ಬದಲಿಸಿ ಹೇಳುತ್ತೇನೆ. ಮಗನಿಗೆ ದಿನಾ ಸಂಜೆ ಇನ್ನೂರು ರೂಪಾಯಿ ಕೊಡುತ್ತಿದ್ದರು. ಕೊಡದಿದ್ದರೆ ಅಟ್ಟದ ಮೇಲಿನ ಅಡಿಕೆ ಚೀಲ ಹೋಗುತ್ತಿತ್ತು. ಬೆಳಗ್ಗೆ ಅವನು ಏಳದಿದ್ದಾಗ ಮಾಲೀಕರಿಗೆ ತಾವೇ ಫೋನ್ ಮಾಡಿ "ಜ್ವರ ಸಾರ್" ಅನ್ನುತ್ತಿದ್ದರು. ಸೊಸೆಗೆ ಗೊತ್ತಾಗದಂತೆ ಸೊಸೈಟಿ ಸಾಲದ ಕಂತು ಕಟ್ಟುತ್ತಿದ್ದರು. ಸೊಸೆ ಅತ್ತ ಮಾತೇ ಬಿಟ್ಟು, ಅವನು ಒಳಗೆ ಬಂದ ಕೂಡಲೇ ಬಾಯಿ ಮೂಸುತ್ತಿದ್ದಳು. ಇಬ್ಬರೂ ಮನೆ ಉಳಿಸಲಿಕ್ಕೇ ಹೆಣಗುತ್ತಿದ್ದರು. ಆದರೆ ಕುಡಿತದ ಬೆಲೆ ಕುಡಿಯುವವನಿಗೆ ತಟ್ಟದೆ ಉಳಿದವರೆಲ್ಲರಿಗೂ ತಟ್ಟುತ್ತಿತ್ತು. ಕೌನ್ಸೆಲಿಂಗಿನಲ್ಲಿ ಆದದ್ದು ಸಣ್ಣ ಕೆಲಸ: ಮಾಲೀಕರಿಗೆ ಇನ್ನು ಅವನೇ ಫೋನ್ ಮಾಡಬೇಕು, ಅಡಿಕೆ ದುಡ್ಡು ನೇರ ಸೊಸೆಯ ಖಾತೆಗೆ, ಮೂಸುವುದು ಬಂದ್. ಇಷ್ಟು ಒಪ್ಪಂದಕ್ಕೇ ಮೂರು ಸಲ ಕೂರಬೇಕಾಯಿತು, ಎರಡು ಸಲ ಯಾರಾದರೊಬ್ಬರು ಎದ್ದು ಹೊರಗೆ ಹೋದರು.

ಮನೆಯವರನ್ನು ಸೇರಿಸಿಕೊಳ್ಳುವುದು ನಮ್ಮ ದೇಶದ ಮನೋವೈದ್ಯಕ್ಕೆ ಹೊಸದೇನೂ ಅಲ್ಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲೇ ಡೇರೆ ಹಾಕಿಸಿ ರೋಗಿಯ ಜೊತೆ ಮನೆಯವರನ್ನೂ ಇರಿಸಿಕೊಂಡರು. ನಿಮ್ಹಾನ್ಸ್‌ನ ತೆರೆದ ವಾರ್ಡುಗಳಲ್ಲಿ ಜೊತೆಗೊಬ್ಬರು ಮನೆಯವರು ಉಳಿಯುವ ಪದ್ಧತಿಯಿದೆ. ಲಂಡನ್ನಿನಲ್ಲಿ ಸಂಶೋಧಕ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು ಸ್ಕಿಜೋಫ್ರೇನಿಯಾ ರೋಗಿಗಳನ್ನು ಮನೆಗೆ ಕಳಿಸಿದ ಮೇಲೆ ಗಮನಿಸಿದ್ದೂ ಇದನ್ನೇ: ಸದಾ ಟೀಕೆ, ಹಗೆತನ, ಇಲ್ಲವೇ ಅತಿಯಾದ ಕಾಳಜಿ ಇರುವ ಮನೆಗೆ ಹೋದವರಿಗೆ ಕಾಯಿಲೆ ಹೆಚ್ಚು ಮರುಕಳಿಸುತ್ತಿತ್ತು. ಅತಿ ಕಾಳಜಿಯೂ ಆ ಪಟ್ಟಿಯಲ್ಲಿದೆ ಎಂದಾಗ ನಮ್ಮ ಅಮ್ಮಂದಿರು ಒಪ್ಪುವುದೇ ಇಲ್ಲ.

ಇನ್ನು ನಿಮ್ಮ ನಿದ್ದೆ, ನಿಮ್ಮ ಬಿಪಿ, ನಿಮ್ಮ ಅಳು. ಅದಕ್ಕೂ ಒಬ್ಬರು ಬೇಕು.

ಹೊಡೀತಾರೆ. ಕಾಯಿಲೆ ಅಂತ ಸಹಿಸಿಕೊಳ್ಳಬೇಕಾ?

ಬೇಡ. ಕುಡಿತ ಕಾಯಿಲೆಯಾದರೂ ಹೊಡೆತ ಅಪರಾಧ. 112ಕ್ಕೆ ಕರೆ ಮಾಡಿ. ಮಹಿಳಾ ಸಹಾಯವಾಣಿ 181. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಆ ಮನೆಯಲ್ಲೇ ವಾಸಿಸುವ ಹಕ್ಕು ನಿಮಗಿದೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಅಥವಾ ಸಾಂತ್ವನ ಕೇಂದ್ರದಲ್ಲಿ ಕೇಳಿ. ಇಂಥ ಮನೆಗಳಲ್ಲಿ ಗಂಡ ಹೆಂಡತಿಯನ್ನು ಒಟ್ಟಿಗೆ ಕೂರಿಸಿ ಮಾತಾಡಿಸುವ ಆತುರ ನಾವೂ ಮಾಡುವುದಿಲ್ಲ. ಮೊದಲು ಆಕೆ ಒಬ್ಬಳೇ, ಬಾಗಿಲು ಹಾಕಿಕೊಂಡು.

ಮಕ್ಕಳಿಗೆ ಏನು ಹೇಳೋದು?

ನಿಜ. "ಅಪ್ಪನಿಗೆ ಹುಷಾರಿಲ್ಲ, ಕುಡಿತ ಬಿಡೋಕೆ ಆಸ್ಪತ್ರೆಯಲ್ಲಿದ್ದಾರೆ. ನಿನ್ನಿಂದ ಆಗಿದ್ದಲ್ಲ." ದುಬೈಗೆ ಹೋಗಿದ್ದಾರೆ ಎಂದರೆ ಎಂಟು ವರ್ಷದ ಮಗುವೂ ನಂಬುವುದಿಲ್ಲ, ಸುಮ್ಮನಿರುತ್ತದೆ ಅಷ್ಟೆ.

ಒಂದು ಮದುವೆ ಮಾಡಿದರೆ ಸರಿಹೋಗ್ತಾನಲ್ವಾ?

ಇಲ್ಲ.

ಮಗ ಗಾಂಜಾ ಸೇದ್ತಾನೆ. ತೋರಿಸಿದರೆ ಪೊಲೀಸ್ ಕೇಸ್ ಆಗುತ್ತಾ?

ಆಸ್ಪತ್ರೆಗೆ ಬಂದ ಮಾತ್ರಕ್ಕೆ ಆಗುವುದಿಲ್ಲ. ರೋಗಿಯ ವಿವರ ಗುಟ್ಟಾಗಿಡುವುದು ವೈದ್ಯರ ಕರ್ತವ್ಯ. 1985ರ ಎನ್‌ಡಿಪಿಎಸ್ (ಮಾದಕ ವಸ್ತು ನಿಯಂತ್ರಣ) ಕಾಯ್ದೆಯ 64ಎ ಸೆಕ್ಷನ್ನಿನಲ್ಲಿ, ಸಣ್ಣ ಪ್ರಮಾಣದ ಪ್ರಕರಣದಲ್ಲಿ ತಾನಾಗಿ ಚಿಕಿತ್ಸೆಗೆ ಬರುವ ವ್ಯಸನಿಗೆ ರಕ್ಷಣೆಯೂ ಇದೆ. ಹೆರಾಯಿನ್‌ನಂಥದ್ದಾದರೆ ಒಂದು ಎಚ್ಚರಿಕೆ: ಕೇಂದ್ರದಿಂದ ಹೊರಬಂದ ಮೇಲೆ ಹಳೆಯ ಅಳತೆಯಲ್ಲೇ ಮತ್ತೆ ತಗೊಂಡರೆ ದೇಹ ತಡೆಯದೆ ಸಾವು ಬರಬಹುದು. ಮನೆಯವರಿಗೆಲ್ಲ ಇದು ಗೊತ್ತಿರಬೇಕು.

ಖರ್ಚು? ವಿಮೆ ಸಿಗುತ್ತಾ?

ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ, ಧಾರವಾಡದ ಡಿಮ್ಹಾನ್ಸ್, ಸರ್ಕಾರಿ ವೈದ್ಯಕೀಯ ಕಾಲೇಜುಗಳ ಮನೋವೈದ್ಯ ವಿಭಾಗ ಕೈಗೆಟುಕುವಂಥವು. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ಅನುದಾನದಲ್ಲಿ ಸಂಸ್ಥೆಗಳು ನಡೆಸುವ ಐಆರ್‌ಸಿಎ (ವ್ಯಸನಿಗಳ ಸಮಗ್ರ ಪುನರ್ವಸತಿ) ಕೇಂದ್ರಗಳಲ್ಲಿ ವಸತಿ, ಚಿಕಿತ್ಸೆ ಉಚಿತ. ಖಾಸಗಿಯಾದರೆ ತಿಂಗಳ ಶುಲ್ಕದಲ್ಲಿ ಔಷಧಿ, ರಕ್ತಪರೀಕ್ಷೆ ಸೇರಿದೆಯಾ, ಮಧ್ಯದಲ್ಲಿ ಬಿಟ್ಟರೆ ಮುಂಗಡ ವಾಪಸ್ ಕೊಡುತ್ತೀರಾ ಎಂದು ಬರವಣಿಗೆಯಲ್ಲಿ ತಗೊಳ್ಳಿ. ಮಾನಸಿಕ ಕಾಯಿಲೆಗೂ ದೇಹದ ಕಾಯಿಲೆಯಂತೆಯೇ ವಿಮೆ ಕೊಡಬೇಕೆಂದು 2017ರ ಕಾಯ್ದೆ ಹೇಳಿದೆ. ಆದರೆ ಮದ್ಯ, ಮಾದಕ ವಸ್ತುವಿನ ಚಿಕಿತ್ಸೆಯನ್ನು ಹೊರಗಿಟ್ಟ ಪಾಲಿಸಿಗಳು ಬಹಳ. ಜಮೀನು ಅಡವಿಟ್ಟು ಸೇರಿಸಬೇಡಿ. ಮನೆಗೆ ಬಂದವನನ್ನು ಕಾಯುವ ಮೊದಲ ಚಿಂತೆ ಆ ಸಾಲವೇ ಆಗಿಬಿಡುತ್ತದೆ.

ಮನೆಗೆ ಬಂದ ಮೇಲೆ ನಾವು ಹೇಗಿರಬೇಕು?

ಬಿಡುಗಡೆಗೆ ಒಂದು ವಾರ ಮೊದಲೇ ಮನೆ ತಯಾರಾಗಬೇಕು. ಅಟ್ಟದ, ಬಚ್ಚಲಿನ, ಸ್ಕೂಟರ್ ಡಿಕ್ಕಿಯ ಬಾಟ್ಲಿಗಳನ್ನು ತೆಗೆಯಿರಿ. ತೋಟದ ಕೀಟನಾಶಕ, ಕಳೆನಾಶಕ ಬೇರೆ ಕಡೆ ಬೀಗದಲ್ಲಿರಲಿ. ಹೊರಬಂದ ಮೊದಲ ವಾರಗಳಲ್ಲಿ ಬೇಸರ ಕವಿದು ಸಾಯುವ ಯೋಚನೆ ಬರಬಹುದು, ಕೈಗೆ ಸಿಗದಿರುವುದೇ ಎಷ್ಟೋ ಜೀವ ಉಳಿಸುತ್ತದೆ. ದುಡ್ಡು, ಎಟಿಎಂ ಕಾರ್ಡ್ ಯಾರ ಹತ್ತಿರ, ಎಷ್ಟು ದಿನ ಎಂಬುದನ್ನು ಅವರ ಮುಂದೆಯೇ ಮಾತಾಡಿ ನಿರ್ಧರಿಸಿ, ಕಿತ್ತುಕೊಂಡಂತೆ ಆಗಬಾರದು. ಮಾತ್ರೆಯನ್ನು ಬೆಳಗಿನ ತಿಂಡಿಯ ಜೊತೆ ಕಣ್ಣೆದುರೇ ತಗೊಳ್ಳುವುದು ಇಬ್ಬರಿಗೂ ನೆಮ್ಮದಿ.

ಮೊದಲ ಮೂರು ತಿಂಗಳು ಬೀಗರೂಟ, ಊರ ಜಾತ್ರೆ, ಗೆಳೆಯನ ಗೃಹಪ್ರವೇಶಕ್ಕೆ ಹೋಗದಿದ್ದರೆ ಏನೂ ಮುಳುಗುವುದಿಲ್ಲ. ಸಂಬಳದ ದಿನ ಸಂಜೆ ಒಬ್ಬರನ್ನೇ ಬಿಡಬೇಡಿ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು, ಎಣ್ಣೆ ಅಂಗಡಿಯೇನೂ ದೂರವಾಗಲಿಲ್ಲ. ಮನೆಗೆ ಬರುವ ದಾರಿ ಬದಲಿಸುವಂಥ ಸಣ್ಣ ಉಪಾಯವೂ ಕೆಲಸಕ್ಕೆ ಬರುತ್ತದೆ. ಹಸಿವು, ಕೋಪ, ಒಂಟಿತನ, ಆಯಾಸ, ಈ ನಾಲ್ಕರಲ್ಲಿ ಒಂದಿದ್ದಾಗ ಆಸೆ ಜೋರಾಗಿ ಬರುತ್ತದೆ, ಅರ್ಧ ಗಂಟೆ ಕಳೆದರೆ ಸಾಮಾನ್ಯವಾಗಿ ಇಳಿಯುತ್ತದೆ. ಅಷ್ಟು ಹೊತ್ತು ಏನಾದರೂ ತಿನ್ನಲು ಕೊಡಿ, ಜೊತೆಗೆ ನಡೆಯಿರಿ.

ಹಳೆಯ ಲೆಕ್ಕ ತೆಗೆಯುವ ಹೊತ್ತು ಇದಲ್ಲ. "ನಿನ್ನಿಂದ ನಾನು ಪಟ್ಟ ಪಾಡು" ಹೇಳಲೇಬೇಕು, ಅದನ್ನು ಕೌನ್ಸೆಲರ್ ಎದುರು ಹೇಳಿ. ಇನ್ನೊಂದು ಕಡೆ, ನಲವತ್ತು ವರ್ಷದವನನ್ನು ಸಣ್ಣ ಹುಡುಗನಂತೆ ಕಾಯಲೂಬೇಡಿ. ರೇಷನ್ ತರುವುದು, ಮಗಳ ಫೀಸ್ ಕಟ್ಟಿ ಬರುವುದು, ಒಂದೊಂದಾಗಿ ಜವಾಬ್ದಾರಿ ವಾಪಸ್ ಕೊಡಿ.

ಮತ್ತೆ ಕುಡಿದುಬಿಟ್ಟರು. ಖರ್ಚು ಮಾಡಿದ್ದೆಲ್ಲ ನೀರಿಗೆ ಹೋಯ್ತಲ್ಲ?

ಮೊದಲ ವರ್ಷದಲ್ಲಿ ಮರುಕಳಿಸುವುದು ಸಾಮಾನ್ಯ. ಒಂದು ಸಂಜೆ ಕುಡಿದದ್ದಕ್ಕೂ ಹಳೆಯ ಕುಡಿತಕ್ಕೆ ಮರಳಿದ್ದಕ್ಕೂ ನಡುವೆ ಕೆಲವು ದಿನಗಳ ಅಂತರವಿದೆ. ಆ ದಿನಗಳಲ್ಲೇ ವೈದ್ಯರಿಗೆ ಫೋನ್ ಮಾಡಿದರೆ ಹಲವರಿಗೆ ಮತ್ತೆ ಸೇರಿಸುವ ಅಗತ್ಯವೇ ಬೀಳುವುದಿಲ್ಲ. ನಾಚಿಕೆಯಿಂದ ಎರಡು ತಿಂಗಳು ಮುಚ್ಚಿಟ್ಟು ಬರುವವರೇ ಹೆಚ್ಚು, ಮುಚ್ಚಿಡುವವರು ಬಹುಮಟ್ಟಿಗೆ ಮನೆಯವರು. ಡೈಸಲ್ಫಿರಾಮ್ ತಗೊಳ್ಳುತ್ತಿದ್ದು ಕುಡಿದಿದ್ದರೆ ಮಾತ್ರ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಸರಿ, ಇವತ್ತೇ ಶುರು ಮಾಡೋದಾದ್ರೆ ಎಲ್ಲಿಗೆ ಹೋಗಲಿ?

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದಿನದ ಯಾವ ಹೊತ್ತಿನಲ್ಲೂ. ಮಾದಕ ವಸ್ತು, ಮದ್ಯದ ಬಗ್ಗೆಯೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಎರಡೂ ಉಚಿತ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿರುತ್ತಾರೆ, ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರಗಳಂದು ಮನೋಚೈತನ್ಯ ಕ್ಲಿನಿಕ್ ನಡೆಯುತ್ತದೆ, ನಿಮ್ಮ ಊರಿನದ್ದು ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಹೋಗುವಾಗ ಹಳೆಯ ಚೀಟಿಗಳು, ಈಗ ನುಂಗುತ್ತಿರುವ ಮಾತ್ರೆಗಳ ಖಾಲಿ ಸ್ಟ್ರಿಪ್ ಸಮೇತ, ಆಧಾರ್, ರೇಷನ್ ಕಾರ್ಡ್ ಇರಲಿ. ಕೊನೆಯ ಸಲ ಕುಡಿದದ್ದು ಎಷ್ಟು ಗಂಟೆಗೆ, ಎಷ್ಟು ಎಂದು ಒಂದು ಚೀಟಿಯಲ್ಲಿ ಬರೆದು ಜೇಬಲ್ಲಿಟ್ಟುಕೊಳ್ಳಿ. ಡಾಕ್ಟರು ಮೊದಲು ಕೇಳುವುದು ಅದನ್ನೇ.